ಹೂವಿನ ಬಣ್ಣ: ?

ಇಪ್ಪತ್ತಾರು ವರ್ಷ ಗೋಂದು ಹಚ್ಚಿದ ಬೆರಳು ನಂದು.
ಬೆಳಗಾವಿ ಕಾಲೇಜಿನ ಹಿಂದಿನ ಖೋಲಿ,
ಹನ್ನೊಂದು ಕಪಾಟು, ಡಾಂಬರ ಗುಳಿಗಿ ವಾಸನಿ,
ಒಳಗ ಒಣಗಿ ಮಲಗಿದ ಅಡವಿ.
ಎಲಿ ಮುರೀಧಂಗ ಹಾಳಿ ತಿರುವೂದು,
ಜಿರಳಿ ಹೊಗಧಂಗ ನೋಡಿಕೊಳ್ಳೂದು,
ಹುಡುಗರು ಬಂದರ 'ಮುಟ್ಟಬ್ಯಾಡ್ರಿ' ಅನ್ನೂದು.
ಅದಕ್ಕ ಪಗಾರ.

ಏಳನೇ ಕಪಾಟು, ಕೆಳಗಿನ ಖಾನೆ.
ಒಂದು ಹಾಳಿಯ ಮ್ಯಾಲ ಬರೇ ಹಗ್ಗ,
ಕಿರುಬೆರಳಿನ ದಪ್ಪ, ಕಂದು,
ಮೂರು ಮಡಿಕಿ ಮಾಡಿ ದಾರ ಹಾಕಿ ಕೂಡಿಸಿದ್ದು.
ಎಲಿ ಉದುರಿದ್ದಲ್ಲ, ಎಲೀನ ಇಲ್ಲದ ಜಾತಿ.
ಹೆರ್ಲೇಕರ ಸರ್ ಕೈಬರಹ, ನೀಲಿ ಶಾಯಿ:
ಬಳ್ಳಿ ಸೀತಾಳೆ. ಹೆಮ್ಮಡಗಾದ ಆಚೆ, ಹಳ್ಳದ ದಂಡೆ.
ಅಪರೂಪ.
ಹೂವಿನ ಬಣ್ಣ:
ಅಲ್ಲೊಂದು ಪ್ರಶ್ನೆಯ ಗುರುತು,
ಕಿವಿ ಹಂಗ ಬಾಗಿದ್ದು.

ಸರ್ ತೀರಿಕೊಂಡು ಎಷ್ಟೋ ವರ್ಷಾತು.
ಹಾಳಿಯ ಮ್ಯಾಲ ಆ ಕಿವಿ ಕೇಳಿಕೋತನ ಇತ್ತು.

ರಿಟೈರ್ ಆದ ವರ್ಷ, ಬ್ಯಾಸಗಿಗೆ ಹೊಂಟೆ.
ಖಾನಾಪುರ ದಾಟಿ ಅಡವಿ ಗೇಟಿನಾಗ ಹೆಸರು ಬರಸಿ
'ಕಾರಣ' ಅಂತಿದ್ದಲ್ಲಿ ಪೆನ್ನು ನಿಂತಿತು.
'ಬಣ್ಣ' ಅಂತ ಬರದೆ.
ಗಾರ್ಡ್ ಎರಡು ಸಲ ಓದಿದ,
ಪೇಂಟ್ ಮಾಡಾವರೇನ್ರಿ, ಅಂದ.

ಚಪ್ಪಟಿ ಮಾಡಿದವ ನಾನು. ಇಲ್ಲಿ
ಎಲ್ಲಾಕ್ಕೂ ದಪ್ಪ ಇತ್ತು.
ಗಿಡದ ಹಿಂದ ಮತ್ತೊಂದು ಗಿಡ ಇತ್ತು,
ಎಲಿಯ ಬೆನ್ನಿಗೆ ಇರಿವಿ, ತೊಗಟಿಯ ಸಂದಿಗೆ ನೀರು.
ಮಂಗಟ್ಟಿ ಹಾರಿದರ
ಯಾರೋ ಒದ್ದಿ ಸೀರಿ ಜಾಡಿಸಿದಂಗ ಸಪ್ಪಳ.
ನನ್ನ ಹನ್ನೊಂದು ಕಪಾಟೂ ಎದ್ದು ನಿಂತು
ನೀ ಯಾರು ಅಂತ ಕೇಳಿದಂಗಾತು.

ಹಳ್ಳದ ದಂಡಿಗೆ ಅಂಜನಿ ಗಿಡ,
ಅದರ ಮೈತುಂಬ ಅದು.
ಹಸರ ಹಾವು ಮ್ಯಾಲ ಹತ್ತೂ ಮುಂದ
ಮರತು ನಿಂತಂಗ.
ಗಂಟಿಗೊಂದು ಬೇರು, ಬೇರಿಗೊಂದು ಹಿಡಿತ.
ಕೆಳಗ ನಾಕು ಮೊಳ ಕಡದು ಒಯ್ದಿದ್ದರು,
ಕಡದ ಬಾಯಿಂದ ಲೋಳಿ ಇಳೀತಿತ್ತು.
ಮ್ಯಾಲಿನದಕ್ಕ ಸುದ್ದೀನ ಮುಟ್ಟಿರಲಿಲ್ಲ.
ಹೂ? ನೆಲದ ಮ್ಯಾಲ,
ಎಮ್ಮಿ ಗೊರಸಿನ ಕುಳಿಯಾಗ, ನಾಕೈದು.
ಮಧ್ಯಾಹ್ನದ ಹೊತ್ತಿಗೇ ಕಂದು.
ನನ್ನ ಕಪಾಟಿನ ಬಣ್ಣ.

ಆಚೆ ದಂಡಿಗೆ ಗೌಳಿಗರ ಠಕೂಬಾಯಿ
ಎಮ್ಮಿ ಮುಂಗಾಲಿಗೆ ಬಳ್ಳಿ ಜಜ್ಜಿ ಮೆತ್ತಿ
ಸೀರಿ ಅಂಚು ಹರದು ಸುತ್ತತಿದ್ದಳು.
'ಇದು ಭಾಳ ಅಪರೂಪದ್ದು, ಬಾಯಿ' ಅಂದೆ.
'ಹೌದಲ್ಲ,' ಅಂದಳು ಎಮ್ಮಿ ಕುತಗಿ ನೀವಿಕೋತ,
'ಹದಿನಾರು ಲೀಟರ್ ಹಾಲು, ಎರಡೂ ಹೊತ್ತು ಕೂಡಿ.'

'ಕಡೀವಾಗ ಹೂ ಇದ್ದುವಲ್ಲ, ಯಾವ ಬಣ್ಣ?'
ಆಕಿ ಕೈ ನಿಂತಿತು. ಖರೇನ ನೆನಸಿದಳು.
'ಕತ್ತಲಿತ್ರಿ. ನಸುಕು.
ವಾಸನಿ ಹಿಡದು ಹೋಗಿ ಕೊಯ್ದೆ.'

ವಾಸನಿಗೆ ಸರ್ ಹಾಳಿಯ ಮ್ಯಾಲ
ಖಾನೇನ ಇಲ್ಲ.

ಉಳದ ಗೇಣುದ್ದದ ತುಂಡು ಕೈಯಾಗಿಟ್ಟಳು,
ಮೊಣಕಾಲಿಗೆ ಕಟ್ಟಕೋರಿ, ಕುಂಟತೀರಿ, ಅಂತ.
ಕಿಸೆಗೆ ಹಾಕಿದೆ. ಮನಿಗೆ ಬಂದು
ಅಂಗಿ ಗೂಟಕ್ಕ ಹಾಕಿದೆ.
ಹಳೆ ಪೇಪರಿನಾಗಿಟ್ಟು ಮ್ಯಾಲ ಕಲ್ಲು ಹೇರಬೇಕಿತ್ತು.
ಯಾಕೋ ಹೇರಲಿಲ್ಲ.
ಜ್ವರ ಬಂತು, ಮದುವಿ ಬಂದುವು, ಮಳಿ ಮೋಡ ಬಂತು.

ಇವತ್ತು ಒಗ್ಯಾಣಕ್ಕಂತ ತಗದ ಬಾಳವ್ವ
ಬಚ್ಚಲದಿಂದ ಕೂಗಿದಳು:
'ನಿಮ್ಮ ಕಿಸೆದಾಗ ಏನೋ ಗಟ್ಟಿ ಹಿಡಕೊಂಡು ಕುಂತೈತಿ.'

ಹತ್ತಿ ನೂಲಿನ ಸಂದ್ಯಾಗ ಹಾದು
ಒಂದು ಬಿಳೇ ಬೇರು,
ಗುಂಡೀತನಕ.
ಕತ್ತರಿ ಎತ್ತಿದಳು.
ನನ್ನ ಬಾಯಿಗೆ ಬಂದದ್ದು ಹಳೇ ಮಾತೇ:
ಮುಟ್ಟಬ್ಯಾಡ.

ನಾಳೆ ಮೊದಲನೇ ಗಾಡಿಗೆ ಹೋಗತೀನಿ,
ಒಗೀಲಾರದ ಅದೇ ಅಂಗಿ ಹಾಕ್ಕೊಂಡು.
ಗೇಟಿನ ಪುಸ್ತಕದಾಗ ಕಾರಣ ಏನ ಬರೀಬೇಕು
ಇನ್ನೂ ಹೊಳದಿಲ್ಲ.
ಅಂಜನಿ ಗಿಡಕ್ಕ ಎದಿ ಹಚ್ಚಿ ನಿಲ್ಲಬೇಕು,
ಅದು
ಕೈ ಬದಲಿಸೂತನಕ.