ನೂರರಿಂದ ಏಳೇಳು

ಗುರುವಾರ ಹತ್ತು ಗಂಟೆಗೆ ವಾರವಾಂಗ್ ಸಮುದಾಯ ಭವನದ ನೆಲಕ್ಕೆ
ಟೆಗನ್ ನೀಲಿ ಟೇಪು ಅಂಟಿಸುತ್ತಾಳೆ,
ಉದ್ದಕ್ಕೆ ಹತ್ತು ಮನೆ, ಅಗಲಕ್ಕೆ ನಾಲ್ಕು.
ಕುಂಟೆಬಿಲ್ಲೆ, ಅಂದೆ ನಾನು ಮೊದಲ ದಿನ.
ಅಲ್ಲ, ಇದು ಮಿದುಳಿಗೆ, ಅಂದಳು.
ಕುಂಟೆಬಿಲ್ಲೆ ಮತ್ತೆ ಯಾವುದಕ್ಕಿತ್ತೋ!

ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಬಲಗಾಲು,
ಹಿಂದಕ್ಕೆ ಎಡಗಾಲು, ಜೊತೆಗೆ ಬಾಯಲ್ಲಿ
ನೂರರಿಂದ ಏಳೇಳು ಕಳೆಯುತ್ತ ಬರಬೇಕು.
ಕಾಲು ಸರಿಯಿದ್ದರೆ ಲೆಕ್ಕ ತಪ್ಪುತ್ತದೆ,
ಲೆಕ್ಕ ಸರಿಯಿದ್ದರೆ ಕಾಲು ಗೆರೆ ತುಳಿಯುತ್ತದೆ.
ಎರಡೂ ತಪ್ಪಿದರೆ ಟೆಗನ್‌ಗೆ ಖುಷಿ,
ತಪ್ಪುವಾಗಲೇ ಒಳಗೆ ಏನೋ ಬೆಸೆದುಕೊಳ್ಳುತ್ತದಂತೆ.

ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ ನಮ್ಮಲ್ಲಿ.
ನನಗೆ ಎಪ್ಪತ್ತಾರು.
ತರಗತಿಗೆ ಹದಿನಾರು ವರ್ಷ ತಡವಾಗಿ ಬಂದವಳು.

ಇಪ್ಪತ್ತಾರು ವರ್ಷ ಪೋರ್ಟ್ ಕೆಂಬ್ಲಾದ ಉಕ್ಕಿನ ಕಾರ್ಖಾನೆಯ
ವೇಬ್ರಿಡ್ಜಿನ ಕಿಟಕಿಯಲ್ಲಿ ಕೂತಿದ್ದೆ.
ಲಾರಿ ಬರುವಾಗ ಒಂದು ತೂಕ, ಹೋಗುವಾಗ ಒಂದು,
ನಡುವಿನದು ನನ್ನ ಕೆಲಸ.
ಯಂತ್ರಕ್ಕಿಂತ ಮೊದಲು ನನ್ನ ತುಟಿ ಹೇಳಿರುತ್ತಿತ್ತು,
ಅದೂ ಕನ್ನಡದಲ್ಲಿ, ಯಾರಿಗೂ ಕೇಳದ ಹಾಗೆ,
ಭದ್ರಾವತಿಯ ಹಳೇನಗರದ ಶಾಲೆಯಲ್ಲಿ
ಬೆರಳ ಗಿಣ್ಣಿಗೆ ಬಿದ್ದ ಏಟಿನ ಜೊತೆ ಕಲಿತ ರಾಗದಲ್ಲಿ:
ಹದಿನೇಳೆರಡ್ಲೆ ಮೂವತ್ನಾಲ್ಕು, ಹದಿನೇಳ್ಮೂರ್ಲೆ ಐವತ್ತೊಂದು.

ಇಲ್ಲಿ ಮೊದಲ ವಾರ ಎರಡನೇ ಹೆಜ್ಜೆಗೇ ನಿಂತುಹೋದೆ.
ಏಯ್ಟಿ ಸಿಕ್ಸ್, ಏಯ್ಟಿ ಸಿಕ್ಸ್,
ಅಗುಳಿ ಕಳಚಿದ ಬಾಗಿಲ ಹಾಗೆ ಅದೇ ಬಡಿದುಕೊಂಡಿತು.
ಎಲ್ಲರೂ ನನ್ನ ಚಪ್ಪಲಿ ನೋಡುತ್ತಿದ್ದರು.
ನಿನ್ನ ಭಾಷೆಯಲ್ಲೇ ಹೇಳು ಸಾರ್ವಾ, ಎಂದಳು ಟೆಗನ್,
ನನ್ನ ಹೆಸರಿನ ಮಂಗಳವನ್ನು ಎಂದಿನಂತೆ ಹೊರಗೇ ಬಿಟ್ಟು.
ಎಪ್ಪತ್ತೊಂಬತ್ತು. ಎಪ್ಪತ್ತೆರಡು. ಅರವತ್ತೈದು.
ಕಾಲು ತನ್ನ ಮನೆ ತಾನೇ ಹುಡುಕಿಕೊಂಡಿತು.
ಸರಿಯೋ ತಪ್ಪೋ ಅಲ್ಲಿ ಯಾರಿಗೂ ತಿಳಿಯದು.
ಕೊನೆಗೆ ಉಳಿದದ್ದು ಎರಡು.
ಎರಡು! ಅಂದೆ ಜೋರಾಗಿ. ಡುಲ್ಸೆ ಚಪ್ಪಾಳೆ ತಟ್ಟಿದಳು.
ಈಗ ತಾನು ಎಡವಿದಾಗಲೆಲ್ಲ ಏರಡು, ಏರಡು ಅನ್ನುತ್ತಾಳೆ,
ಬೈಗುಳವೆಂದು ತಿಳಿದಿದ್ದಾಳೋ ಏನೋ.

ಬ್ಲಾಗೋಯನದೇ ಬೇರೆ.
ಮೂರನೇ ಸಾಲಿಗೆ ಬಂದರೆ ಸಾಕು,
ಏನೂ ಇಲ್ಲದ ಕಡೆ ಮೊಣಕಾಲೆತ್ತಿ ದಾಟುತ್ತಾನೆ.
ಟೆಗನ್ ಹಾಳೆಯಲ್ಲಿ ಬರೆದುಕೊಂಡಳು.
ಅವನ ಹೆಂಡತಿ ಲುಬಾ ಗೋಡೆಗೊರಗಿ ಕೂತು
ಕೈಚೀಲದ ಜಿಪ್ಪು ಎಳೆಯುತ್ತಾಳೆ, ಮುಚ್ಚುತ್ತಾಳೆ.
ಈ ವರ್ಷ ಅವನಿಗೆ ಮಗಳ ಹೆಸರು ಸಿಗುತ್ತಿಲ್ಲ.
ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದ್ದಿದ್ದು ಮರೆತು,
ಲೋಟದ ತಳದ ಕೆಸರಿಗೆ ಬೆರಗಾಗುತ್ತಾನೆ.

ನಾಲ್ಕು ಗುರುವಾರ ನೋಡಿದೆ. ಐದನೆಯದಕ್ಕೆ ಹೊಳೆಯಿತು.
ಹಳಿ!
ಹಳೆಯ ಕುಲುಮೆಯ ಮುಂದೆ, ಕರಗಿದ ಕಬ್ಬಿಣ ಹೊತ್ತ ಬಂಡಿಗೆ ಹಾಸಿದ್ದು,
ನೆಲದಿಂದ ಒಂದು ಗೇಣು ಮೇಲೆ.
ತೂಕದ ಚೀಟಿ ಕೊಡಲು ಹೋದ ನಾನೇ ಒಮ್ಮೆ ಎಡವಿ
ಮಂಡಿ ತರಚಿಕೊಂಡಿದ್ದೆ.
ಮೂವತ್ತು ವರ್ಷ ಅದನ್ನು ದಾಟಿದವನು ಅವನು,
ದಿನಕ್ಕೆ ಎಷ್ಟು ಸಲವೋ, ಕಣ್ಣು ಬೆಂಕಿಯ ಮೇಲಿಟ್ಟು.

ಟೆಗನ್‌ಗೆ ಹೇಳಿದೆ. ಅವಳಿಗೆ ಇಪ್ಪತ್ತೇಳು,
ಆ ಕುಲುಮೆ ಆರಿದಾಗ ಹುಟ್ಟೇ ಇರಲಿಲ್ಲ.
ಮೊದಲು ಬರೆದದ್ದನ್ನು ಹೊಡೆದುಹಾಕಲಿಲ್ಲ,
ಪಕ್ಕದಲ್ಲಿ ಏನೋ ಸೇರಿಸಿದಳು.
ಮುಂದಿನ ವಾರ ನಾವು ಬರುವಷ್ಟರಲ್ಲಿ
ಮೂರನೇ ಸಾಲಿಗೆ ಅಡ್ಡಲಾಗಿ ಒಂದು ಕೆಂಪು ಟೇಪು.

ಈಗ ಎಲ್ಲರೂ ಅಲ್ಲಿ ಮೊಣಕಾಲೆತ್ತುತ್ತೇವೆ.
ಸೊಂಟದ ಕೀಲು ಬದಲಿಸಿಕೊಂಡ ನೊರೀನ್ ಗೊಣಗುತ್ತಾಳೆ.
ಡುಲ್ಸೆ ಸ್ಕರ್ಟು ತುಸು ಹಿಡಿದು, ತೊರೆ ದಾಟುವವಳ ಹಾಗೆ.
ನಾನು ಐವತ್ತೊಂದಕ್ಕೂ ನಲವತ್ನಾಲ್ಕಕ್ಕೂ ನಡುವೆ.
ಎಲ್ಲರಿಗಿಂತ ಮುಂದೆ ಬ್ಲಾಗೋಯ
ದಾಟಿ, ತಿರುಗಿ, ಕೈ ಚಾಚುತ್ತಾನೆ,
ಹುಷಾರು, ಅನ್ನುತ್ತಾನೆ ಒಬ್ಬೊಬ್ಬರಿಗೂ,
ಬಿಸಿ ಇದೆ.