ದುರ್ಬಲ ಉದಾಹರಣೆ

"ಮಾನವ ಇತಿಹಾಸದ ಆರಂಭದಿಂದಲೂ" ಎಂದು
ಶುರುವಾಗಿತ್ತು ನನ್ನ ಮೊದಲ ಪ್ರಬಂಧ.
ಅಂಚಿನಲ್ಲಿ ತ್ಸಿಯುರಿ ಮೇಡಂ ಹಸಿರು ಶಾಯಿ:
ಆಗ ನೀನು ಅಲ್ಲಿದ್ದೆಯಾ?

ಎರಡನೆಯದರಲ್ಲಿ "ಕೆಲವರ ಪ್ರಕಾರ" ಅಂದೆ.
ಯಾರು? ನಿನಗೆಲ್ಲಿ ಸಿಕ್ಕಿದ್ದರು?
ಮೂರನೆಯದಕ್ಕೆ ಬರೀ ಒಂದು ಗೆರೆ,
ಎರಡನೇ ಪುಟದ ಬುಡದಲ್ಲಿ:
ಪ್ರಬಂಧ ಇಲ್ಲಿಂದ ಶುರು.
ಅಲ್ಲಿಯವರೆಗಿನದೆಲ್ಲ ಗಂಟಲು ಸರಿಮಾಡಿಕೊಂಡದ್ದು.

ಈ ಸಲದ ಪ್ರಶ್ನೆ: ಸುಳ್ಳು ಎಂದಾದರೂ ಸರಿಯೆ?
ನಾಲ್ಕು ಪುಟ. ಸೋಮವಾರಕ್ಕೆ.
ಕಂಡದ್ದನ್ನು ಬರೆಯಿರಿ, ಅಂದರು, ಕೇಳಿದ್ದನ್ನಲ್ಲ.

ಕಂಡದ್ದು ನನ್ನ ಹತ್ತಿರ ಇತ್ತು.
ಕುತೈಸಿಯಲ್ಲಿ, ರಿಯೋನಿ ಹೊಳೆಯ ಈಚೆ ದಡದಲ್ಲಿ,
ಬೆಳಗಿನ ಐದಕ್ಕೆ ಬೋಂದೋ ಮಾವನ ಬೇಕರಿಯಲ್ಲಿ
ಹಿಟ್ಟು ನಾದುವವನು ನಾನು.
ಬಾವಿಯಂಥ ಮಣ್ಣಿನ ಒಲೆ.
ಮಾವ ಸೊಂಟದವರೆಗೆ ಒಳಗೆ ಬಗ್ಗಿ
ದೋಣಿಯಾಕಾರದ ರೊಟ್ಟಿಗಳನ್ನು ಕಾದ ಗೋಡೆಗೆ ಬಡಿಯುತ್ತಾನೆ.
ದಿನವೂ ಒಂದನ್ನು, ಬೇಕೆಂದೇ,
ತೆಗೆಯುವುದು ತಡಮಾಡುತ್ತಾನೆ.

ಏಳಕ್ಕೆ ನಾಜಿಬ್ರೋಲಾ ಬರುತ್ತಾಳೆ, ಪರ್ಸು ಕೈಯಲ್ಲಿ ಹಿಡಿದೇ.
"ನೋಡಮ್ಮ, ಈ ಹುಡುಗ ಮತ್ತೆ ಸೀಯಿಸಿದ.
ಯಾರು ಕೊಳ್ಳುತ್ತಾರೆ ಇದನ್ನು?
ತಗೊಂಡು ಹೋಗು, ನನ್ನ ಕಣ್ಣಿಗೆ ಬೀಳದಿರಲಿ."
ಆಕೆ ನನ್ನ ಕಡೆ ನೋಡಿ,
ಕಲಿತಾನೆ ಬಿಡು, ಅನ್ನುತ್ತಾಳೆ.
ಎರಡು ವರ್ಷವಾಯಿತು. ನಾನಿನ್ನೂ ಕಲಿತಿಲ್ಲ.

ಭಾನುವಾರ ರಾತ್ರಿ ಇಷ್ಟನ್ನೂ ಬರೆದೆ.
ಸಲೀಸಾಗಿ ಬಂತು. "ಆದ್ದರಿಂದ" ಎಲ್ಲೂ ಬೇಕಾಗಲಿಲ್ಲ.
ಓದಿಕೊಂಡೆ. ಚೆನ್ನಾಗಿತ್ತು.
ಅಲ್ಲೇ ಹೆದರಿಕೆಯಾದದ್ದು:
ಚೆನ್ನಾಗಿದ್ದುದನ್ನು ಮೇಡಂ ತರಗತಿಗೆ ಗಟ್ಟಿಯಾಗಿ ಓದುತ್ತಾರೆ,
ಮೂರನೇ ಬೆಂಚಿನಲ್ಲಿ ಆಕೆಯ ಮೊಮ್ಮಗ ಮಲ್ಖಾಜ್.
ಮಧ್ಯಾಹ್ನ ಅದೇ ರೊಟ್ಟಿಯ ಕರಕಲನ್ನು ಉಗುರಿನಿಂದ ಕೆರೆದು
ಉಪ್ಪು ಚೀಸಿಟ್ಟು
ಅರ್ಧ ನನಗೆ ಮುರಿದುಕೊಡುವವನು.

ಕಂಡದ್ದನ್ನು ಕಂಡಂತೆ ಹೇಳಿದರೆ ಕೆಂಡ ಏಳುತ್ತದೆ,
ಆದರೆ ಸುಡುವುದು ಹೇಳಿದವನನ್ನಲ್ಲ.
ಹರಿದು ಒಲೆಗೆ ಹಾಕಿದೆ.
ಬದಲಿಗೆ ರೋಗಿಗೆ ಸುಳ್ಳು ಹೇಳುವ ವೈದ್ಯನನ್ನು ಕರೆತಂದೆ,
ಎಲ್ಲರೂ ಬರೆಯುವ ಅದೇ ವೈದ್ಯ,
ಹೆಸರಿಲ್ಲ, ಊರಿಲ್ಲ, ಕೆಮ್ಮೂ ಇಲ್ಲ.
"ಕೆಲವರ ಪ್ರಕಾರ" ವಾಪಸು ಬಂತು,
ಹಿಂದೆಯೇ "ಆದ್ದರಿಂದ", ಬಾಲ ಅಲ್ಲಾಡಿಸುತ್ತ.

ಹಸಿರು ಶಾಯಿ: ಉದಾಹರಣೆ ದುರ್ಬಲ.
ನೀನು ಇವನನ್ನು ಕಂಡಿದ್ದೀಯಾ?
ಹತ್ತಕ್ಕೆ ಆರು.

(ಇಲ್ಲಿಯೂ ಆಕೆಯ ಹೆಸರು ಬದಲಿಸಿದ್ದೇನೆ.
ಮೊಮ್ಮಗನದೂ.
ಹೊಳೆಯ ದಡವನ್ನೂ ಇರಬಹುದು.)

ಇವತ್ತು ಮಾವನಿಗೆ ಬೆನ್ನುನೋವು.
ನಾನೇ ಬಗ್ಗಿದೆ. ಹುಬ್ಬು ಸುಟ್ಟ ವಾಸನೆ.
ಎಲ್ಲ ತೆಗೆದು, ಒಂದನ್ನು ಗೋಡೆಯಲ್ಲೇ ಬಿಟ್ಟು ನಿಂತೆ.
ಎಷ್ಟು ಹೊತ್ತೆಂದು ಅವನು ಎಂದೂ ಹೇಳಿರಲಿಲ್ಲ.
ತೀರ ಕಪ್ಪಾದರೆ ತಿನ್ನಲಾಗದು.
ಕೆಂಪಗೇ ಉಳಿದರೆ
ಆಕೆ ಪರ್ಸು ತೆರೆಯುತ್ತಾಳೆ.