ಎಂಬತ್ತೆರಡು ಸೆಂಟಿಮೀಟರ್

ಸಹಮ್ ಪೇಟೆಯಲ್ಲಿ ನಮ್ಮದು ಎರಡು ಶಟರಿನ ಕ್ಲಿನಿಕ್ಕು,
ಈಚೆಗೆ ಅಬಾಯ ಹೊಲಿಯುವವನು, ಆಚೆಗೆ ಟಯರಿನವನು.
ಗಾಳಿ ಕಡಲ ಕಡೆಯಿಂದ ಬಂದರೆ
ಒಣಗಲು ಹಾಕಿದ ಬೂತಾಯಿಯ ವಾಸನೆ
ಡೆಟಾಲನ್ನೂ ಮೀರಿ ಒಳಗೆ ನುಗ್ಗುತ್ತದೆ.
ಮಲ್ಪೆಯವಳಾದ ನನಗೆ ಅದೊಂದು ಸುಖ,
ಸುಡಾನಿನ ಡಾಕ್ಟರ್ ತಯ್ಯಿಬರಿಗೆ ತಲೆನೋವು.
ಅವರದು ಕಡಲನ್ನೇ ಕಾಣದ ಊರು.

ಗೋಡೆಯ ಮೇಲೆ, ಗಾಜಿನೊಳಗೆ, ಲೈಸೆನ್ಸು:
ಖಂಜರಿನ ಲಾಂಛನ, ಮೊಹರು, ಮುಗಿಯುವ ತಾರೀಖು,
ನಾಲ್ಕನೆಯ ಸಾಲಿನಲ್ಲಿ ಒಂದು ಮಾತು,
ತುರ್ತಲ್ಲದ ಚಿಕಿತ್ಸೆಗೆ ಮಾತ್ರ.

ಅಂದರೆ ಶೀತ, ಸಕ್ಕರೆ, ಕಜ್ಜಿ, ಬೀಡಿ ಕೆಮ್ಮು,
ರಜೆಗಾಗಿ ಹೊತ್ತು ತಂದ ಬೆನ್ನುನೋವು,
ಮೀನಿನ ಮುಳ್ಳು ಚುಚ್ಚಿ ಕೀವಾದ ಹೆಬ್ಬೆರಳು.
ನಮ್ಮಮ್ಮ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು:
'ಜೀವ ಹೋಗುವಂಥದ್ದೇನಲ್ಲ, ಬಿಡು.'
ಸರಕಾರಕ್ಕೆ ಅದನ್ನೇ ಹೇಳಲು ಹನ್ನೊಂದು ಪುಟ ಬೇಕು.

ನಗುವುದಿಲ್ಲ ನಾನು.
ವರ್ಷವರ್ಷವೂ ಆ ಹನ್ನೊಂದು ಪುಟ ತುಂಬುವವಳು ನಾನೇ.
ಆಕ್ಸಿಜನ್ ಎಷ್ಟು, ಹಳದಿ ಕಸದ ಚೀಲ ಎಷ್ಟು,
ಫ್ರಿಜ್ಜಿನ ತಾಪ ದಿನಕ್ಕೆರಡು ಸಲ, ಸಹಿ ಸಮೇತ.
ಊರಲ್ಲಿ ನಾನು ಮೊದಲು ದುಡಿದ ನರ್ಸಿಂಗ್ ಹೋಮಿಗೆ
ಕೆಂಪು ಅಕ್ಷರದ ಬೋರ್ಡು: ೨೪ ಗಂಟೆ ತುರ್ತು ಸೇವೆ.
ಒಳಗೆ ರಾತ್ರಿಯಿಡೀ ನಾನೊಬ್ಬಳು, ಹತ್ತೊಂಬತ್ತರವಳು,
ಮತ್ತೊಂದು ಖಾಲಿ ಸಿಲಿಂಡರು.
ಒಂದು ಮಗು. ಆ ಮಾತು ಇಲ್ಲಿ ಬೇಡ.
ಅದಕ್ಕೇ ಬರೆಯುತ್ತೇನೆ, ಹನ್ನೊಂದನ್ನೂ, ದುಂಡಗೆ.

ಶಫಿಕುಲ್ ಗೋಡೆ ಓದಿಕೊಂಡು ಬರಲಿಲ್ಲ.
ಖರ್ಜೂರದ ಮರ ಇಳಿದವನೇ ಬಂದಿದ್ದ,
ಸೊಂಟದಲ್ಲಿ ಹತ್ತುವ ಹಗ್ಗ ಹಾಗೇ ಇತ್ತು.
'ಗ್ಯಾಸು, ಸಿಸ್ಟರ್. ಒಂದು ಗುಳಿಗೆ ಸಾಕು.'
ಅವನ ಬೆವರು ಬೇರೇನೋ ಹೇಳುತ್ತಿತ್ತು.
ಇಸಿಜಿಯ ಕಾಗದ ಇಳಿದು ಬಂತು.
ಡಾಕ್ಟರು ಅದನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು.
'ಆಸ್ಪಿರಿನ್. ಜಗಿಯಲು ಹೇಳು. ಆಂಬುಲೆನ್ಸಿಗೆ ಫೋನು ಮಾಡು.'

ಇಪ್ಪತ್ತಮೂರು ನಿಮಿಷಕ್ಕೆ ಬಂತು. ಬಂದದ್ದು
ನಮ್ಮ ಬಾಗಿಲಲ್ಲಿ ಸಿಕ್ಕಿಕೊಂಡಿತು.
ಸ್ಟ್ರೆಚರನ್ನು ನೇರ ತಂದರು, ಓರೆ ತಂದರು,
ಹಿಂದೆ ಸರಿಸಿ ಮತ್ತೆ ನೇರ ತಂದರು.
ಕೊನೆಗೆ ಟಯರಿನ ಹುಡುಗರು
ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು,
ಮೀನು ತುಂಬಿದ ಬಲೆಯಂತೆ ಅವನನ್ನು ಹೊರಗೆಳೆದರು.

ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದೆ.
ಯಜಮಾನ ಫೋನಿನಲ್ಲಿ ಕೇಳಿದ, 'ಆ ಹಾಳೆ ಬೇಕಾ ನಮಗೆ?'
ನೂಲು ಹಾಕಿ ಹೊಲಿದ ಪುಸ್ತಕ ಸಾರ್,
ಒಂದು ಹಾಳೆ ಕಿತ್ತರೆ ಅದರ ಜೋಡಿ ಸಡಿಲಾಗುತ್ತದೆ, ಅಂದೆ.

ನವೀಕರಣಕ್ಕೆ ಬಂದವಳು ಬದ್ರಿಯಾ, ಇಲಾಖೆಯವಳು.
ಚೀಲದಲ್ಲಿ ಟೇಪು, ಟಾರ್ಚು, ಏಲಕ್ಕಿ ಕಾಫಿಯ ಫ್ಲಾಸ್ಕು.
ಅಡ್ರಿನಲಿನ್ ಸೀಸೆಯ ತಾರೀಖನ್ನು ಬೆಳಕಿಗೆ ಹಿಡಿದಳು,
ಹಾಳೆ ಮಗುಚುತ್ತ ಆ ಹಾಳೆಗೆ ಬಂದಳು,
ಬೆರಳಿಟ್ಟು ಎರಡು ಸಲ ಓದಿದಳು.
ನನ್ನ ಪಾಸ್‌ಪೋರ್ಟು ಯಾವ ಪೆಟ್ಟಿಗೆಯಲ್ಲಿದೆ ಎಂದು
ನಾನು ನೆನಪು ಮಾಡಿಕೊಳ್ಳುತ್ತಿದ್ದೆ.

'ಬಾಗಿಲಲ್ಲಿ ಎಷ್ಟು ನಿಮಿಷ ಹೋಯಿತು?'
ಆರು.
ಟೇಪು ಎಳೆದಳು. ಎಂಬತ್ತೆರಡು.
'ಗೋಡೆ ಒಡೆಯಿರಿ,' ಅಂದಳು,
'ತುರ್ತಿನ ಪರವಾನಗಿ ಕೊಡುವುದಿಲ್ಲ, ಕೇಳಲೂಬೇಡಿ.
ಬಂದವನು ಹೊರಗೆ ಹೋಗಲು ದಾರಿ ಇರಲಿ.'

ಒಡೆಯುವ ಮೊದಲು ಲೈಸೆನ್ಸು ಇಳಿಸಿದೆವು.
ಹಿಂದೆ ಹಲ್ಲಿಯ ಎರಡು ಮೊಟ್ಟೆ.
ಸದ್ಯಕ್ಕೆ ಅದು ತೂಕದ ಯಂತ್ರದ ಪಕ್ಕ ಒರಗಿ ನಿಂತಿದೆ,
ಅದರ ಮೇಲೆಲ್ಲ ಸಿಮೆಂಟಿನ ಬಿಳಿ ಧೂಳು.

ಸೊಹಾರಿನ ಆಸ್ಪತ್ರೆಯಿಂದ ನಮಗೆ ಯಾರೂ ಏನೂ ಹೇಳಲಿಲ್ಲ.
ತಿಳಿಸಬೇಕೆಂಬ ಕಾಲಮು ಯಾವ ಫಾರಮಿನಲ್ಲೂ ಇಲ್ಲ.
ಒಂಬತ್ತನೇ ಪುಟ, 'ಇತರ ವಸ್ತುಗಳು' ಎಂಬಲ್ಲಿ
ಈ ವರ್ಷ ಬರೆದೆ:
ಮರ ಹತ್ತುವ ಹಗ್ಗ, ಒಂದು.
ವಾರಸುದಾರ ಬರಬೇಕು.